ಎನ್ನಲಾಗಿದೆ

ಧಾರವಾಡದ ಚಂಪಾ ಅಹಮದಾಬಾದಿನ ನರೋಡಾದಲ್ಲಿ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಮಕ್ಕಳು ಕತೆ, ಪದ್ಯಗಳ ಹಾಗೆ ಪತ್ರಿಕೆಯ ಸುದ್ದಿಯನ್ನೂ ಎಚ್ಚರದಿಂದ ಓದಬೇಕೆಂಬುದು ಅವಳ ಆಸೆ. 2003ರ ಮಳೆಗಾಲದ ಒಂದು ಸೋಮವಾರ ಅವಳು ವರದಿಯೊಂದನ್ನು ಜೆರಾಕ್ಸ್ ಮಾಡಿಸಿ ಹಂಚಿದಳು. ಹತ್ತಿರದ ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಇಬ್ಬರು ಸತ್ತಿದ್ದರು. ಕೆಲಸಗಾರರ ಅಜಾಗರೂಕತೆಯೇ ಕಾರಣ ಎನ್ನಲಾಗಿದೆ ಎಂದು ವರದಿ ಮುಗಿದಿತ್ತು.

ಹೀಗೆಂದವರು ಯಾರು, ಅವರ ಹೆಸರು ಬಿಟ್ಟರೆ ಯಾರಿಗೆ ಅನುಕೂಲ ಎಂದು ಚಂಪಾ ಕೇಳಿದಳು. ಮಾಲೀಕನಿಗೆ ಎಂದ ಒಬ್ಬ ಹುಡುಗ. ಸತ್ತವರು ಎದುರಾಡಲಾರರಲ್ಲ ಎಂದಳು ಹಿಂದಿನ ಬೆಂಚಿನವಳು. ಪಾಠ ರಂಗೇರಿತು. ಕಿಟಕಿಯ ಪಕ್ಕದ ತನ್ವಿ ಮಾತ್ರ ಕಾಗದವನ್ನು ಮಡಚುತ್ತ ತಲೆ ತಗ್ಗಿಸಿ ಕೂತಿದ್ದಳು. ಅವಳ ತಂದೆ, ಕುಂದಾಪುರದ ಚಂದ್ರಕಾಂತ, ಅದೇ ಕಾರ್ಖಾನೆಯ ಸೂಪರ್‌ವೈಸರ್ ಎಂಬುದು ಚಂಪಾಗೆ ಗೊತ್ತಿರಲಿಲ್ಲ.

ಮರುದಿನ ಅವರೇ ಶಾಲೆಗೆ ಬಂದರು. ಜಗಳವಾಡುವ ಹಾಗೆ ಬಂದವರು, ಅವಳು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಮೆತ್ತಗಾದರು. ಪತ್ರಿಕೆಯವರಿಗೆ ಆ ಮಾತು ಹೇಳಿದ್ದು ತಾನೇ ಎಂದರು. ಬಾಯ್ಲರ್ ರಿಪೇರಿಯನ್ನು ಮುಂದೂಡಿದ್ದು ಮಾಲೀಕರು. ಹೀಗೇ ಹೇಳಬೇಕೆಂದು ತಾಕೀತು ಮಾಡಿದ್ದೂ ಅವರೇ.

"ಮಗಳು ಮನೆಗೆ ಬಂದು, ಪಪ್ಪಾ ಇದನ್ನ ಹೇಳಿದ್ದು ಯಾರು ಅಂತ ಕೇಳಿದ್ಳು. ನಾನೇ ಅಂದೆ. ಆಮೇಲೆ ಅವಳು ನನ್ನ ಹತ್ರ ಮಾತಾಡ್ಲೇ ಇಲ್ಲ."

"ತನಿಖಿಗೆ ಬಂದವರ ಮುಂದಾದ್ರೂ ಖರೇ ಹೇಳ್ರಿ," ಎಂದಳು ಚಂಪಾ.

"ಹೇಳಿದ್ರೆ ಅವತ್ತೇ ಕೆಲಸದಿಂದ ತೆಗೀತಾರೆ. ಮತ್ತೆ ನಮ್ಮನ್ನ ಯಾರು ನೋಡ್ತಾರೆ ಮೇಡಂ?"



ದಸರಾ ಹೊತ್ತಿಗೆ ಚಂದ್ರಕಾಂತರಿಗೆ ಬಡ್ತಿ ಸಿಕ್ಕಿ, ಸೂರತ್‌ನ ಉಧ್ನಾದಲ್ಲಿರುವ ಅದೇ ಮಾಲೀಕರ ಕಾರ್ಖಾನೆಗೆ ವರ್ಗವಾಯಿತು. ತನಿಖೆಯಲ್ಲಿ ಅವರು ಏನು ಹೇಳಿರಬಹುದೆಂದು ಯಾರೂ ತಿಳಿಸಬೇಕಾಗಿರಲಿಲ್ಲ. ಟಿ.ಸಿ. ಪಡೆಯಲು ತಾಯಿಯೊಂದಿಗೆ ಬಂದ ತನ್ವಿಗೆ, ಸೂರತ್‌ನಲ್ಲೂ ಪತ್ರಿಕೆ ಓದುವುದನ್ನು ಬಿಡಬೇಡ ಎಂದಳು ಚಂಪಾ.

ಹುಡುಗಿ ತನ್ನ ತಡವರಿಸುವ ಕನ್ನಡದಲ್ಲೇ ಹೇಳಿದಳು: "ಬೇಡ ಮಿಸ್. ಓದಿದ್ರೆ ಪಪ್ಪನ ಮುಖ ನೋಡ್ಲಿಕ್ಕೆ ಆಗುದಿಲ್ಲ."

ದೀಪಾವಳಿ ರಜೆ ಮುಗಿದ ಮೇಲೆ ಚಂಪಾ ಮತ್ತೊಂದು ಸುದ್ದಿಯ ಪ್ರತಿಗಳನ್ನು ಹಿಡಿದು ತರಗತಿಗೆ ಹೋದಳು. ಎದುರಿಗಿದ್ದ ಮಕ್ಕಳ ಮನೆಯವರೆಲ್ಲ ಇಲ್ಲಿನ ಒಂದಲ್ಲ ಒಂದು ಕಾರ್ಖಾನೆಗೆ ಹೋಗುವವರೇ. ಅವಳು ಒಂದೊಂದೇ ಮುಖ ನೋಡಿದಳು. ಕೊನೆಗೆ ಪ್ರತಿಗಳನ್ನು ಮೇಜಿನ ಮೇಲೆ ಮಗುಚಿಟ್ಟು, ಪಠ್ಯಪುಸ್ತಕ ತೆಗೆಯಲು ಹೇಳಿದಳು.