ಮೇಜರ್ ಸಾಹೇಬರ ಹೆಸರಿನ ರಕ್ತ

“ನೀನು ಕಸ ಸುಟ್ಟೋನು ಕಣಯ್ಯ, ಯುದ್ಧ ಮಾಡ್ದೋನಲ್ಲ. ಏಳು, ಬೆಂಚು ಖಾಲಿ ಮಾಡು!” ಮಾಜಿ ಸೈನಿಕರ ಆಸ್ಪತ್ರೆಯ ಗುಮಾಸ್ತ ನನ್ನ ಅರ್ಜಿಯನ್ನು ಎರಡೇ ಬೆರಳಲ್ಲಿ ಹಿಡಿದು ವಾಪಸು ಕೊಟ್ಟ.

ಹನ್ನೊಂದು ವರ್ಷ ಸೇನಾ ಶಿಬಿರದ ಗುಂಡಿಯಲ್ಲಿ ಟೈರು, ಪ್ಲಾಸ್ಟಿಕ್ಕು, ಬ್ಯಾಟರಿ, ಸಾಹೇಬರುಗಳ ಹಳೇ ಬೂಟು, ಎಲ್ಲಕ್ಕೂ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದವನು ನಾನು. ಈಗ ದಾಖಲೆ ಪ್ರಕಾರ ಶಿಬಿರದ ಹೊಗೆ ಕುಡಿದವರಿಗೆಂದು ಶ್ವಾಸಕೋಶದ ಕ್ಯಾನ್ಸರನ್ನು ಮೊದಲೇ ಹಿಡಿಯುವ ರಕ್ತಪರೀಕ್ಷೆ ಬಂದಿದೆ. ಗಡ್ಡೆ ಕಣ್ಣಿಗೆ ಬೀಳುವ ಮುಂಚೆಯೇ ರಕ್ತ ಚಾಡಿ ಹೇಳುತ್ತದಂತೆ. ಆದರೆ ನನ್ನ ದಾಖಲೆಯಲ್ಲಿ ಹೊಗೆಯ ಸುದ್ದಿಯೇ ಇಲ್ಲ, ‘ಸ್ವಚ್ಛತಾ ಸಹಾಯಕ’ ಎಂದಷ್ಟೇ ಇದೆ. ನನ್ನ ಕೆಮ್ಮು ಪಾಪ, ದಾಖಲೆ ಓದಿಲ್ಲ.

“ಮೇಜರ್ ಸಾಹೇಬ್ರು ಬನ್ನಿ!” ನರ್ಸ್ ತಲೆಯೆತ್ತದೆ ಕೂಗಿದಳು. ಅದೇ ಪರೀಕ್ಷೆಗೆ ಬಂದಿದ್ದ ಸಾಹೇಬರು ಹೊರಗೆ ಫೋನಿನಲ್ಲಿದ್ದರು. ಶಿಬಿರದಲ್ಲಿ ಹಾಜರಿ ಕೂಗುವಾಗ ಇಲ್ಲದವನ ಪರವಾಗಿ ಪಕ್ಕದವನು ಓಗೊಡುವುದು ನಮ್ಮ ವಾಡಿಕೆ.

“ಹಾಜರ್!” ಎಂದುಬಿಟ್ಟೆ. ಅಂದ ಮೇಲೆ ಅಂಗಿಯ ತೋಳನ್ನೂ ಮಡಚಿ ಕೈ ಚಾಚಿದೆ. ರಕ್ತ ತೆಗೆದ ನರ್ಸ್ ನೋಡಿದ್ದು ತೋಳನ್ನು ಮಾತ್ರ. ತೋಳಿಗೆ ಪದವಿ ಇರುವುದಿಲ್ಲ. ಸೂಜಿಗೆ ಹೆದರುವ ಸಾಹೇಬರಿಗೆ ಆಮೇಲೆ ಗುಮಾಸ್ತ ಪಟ್ಟಿ ನೋಡಿ “ನಿಮ್ದು ಆಯ್ತು ಸಾರ್” ಎಂದಾಗ, ಅವರು ಬದುಕಿದೆಯಾ ಬಡಜೀವವೇ ಎಂದು ಕಾರು ಹತ್ತಿದರು.

ಮೂರು ವಾರಕ್ಕೆ ಆಸ್ಪತ್ರೆ ಹೌಹಾರಿತು. ಸಾಹೇಬರ ರಕ್ತದಲ್ಲಿ ಕೆಟ್ಟ ಗುರುತು! ಅವರಿಗೆ ಪ್ರತ್ಯೇಕ ಕೋಣೆ, ಹೂಗುಚ್ಛ, ಅದೇ ದಿನ ಸ್ಕ್ಯಾನು. ಅಲ್ಲೇ ನೆಲ ಒರೆಸುವ ನನ್ನ ಹೆಂಡತಿ ಸುದ್ದಿ ತಂದಳು: “ಅವ್ರ ಎದೆ ಕನ್ನಡಿ ಥರ ಇದ್ಯಂತೆ ಕಣ್ರೀ. ಮತ್ತೆ ಆ ಹಾಳು ರಕ್ತ ಯಾರ್ದು?”

“ನಂದೇ ಕಣೇ” ಅಂದೆ. ನಡೆದದ್ದು ಹೇಳಿದೆ. ಮನಸಾರೆ ಬೈದಳು, ಅತ್ತಳು, ಆಮೇಲೆ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು.

“ಬೋಳಿಮಗನೆ, ಸಾಹೇಬ್ರ ಹೆಸ್ರಲ್ಲಿ ರಕ್ತ ಕೊಟ್ಯಾ?” ಗುಮಾಸ್ತ ಎದ್ದೇ ನಿಂತ. “ಪೊಲೀಸ್ ಕರೀತೀನಿ!”

“ಕರೀರಿ ಸಾರ್. ಕಳ್ಳಮಾಲು ನನ್ನ ಎದೇಲೇ ಇದೆ. ಮೊದ್ಲು ಅದನ್ನ ಜಪ್ತಿ ಮಾಡಿ.”

“ದಾಖಲೇಲಿ ಇಲ್ದೋನಿಗೆ ಸ್ಕ್ಯಾನ್ ಇಲ್ಲ. ತೊಲಗಾಚೆ!”

ತೊಲಗಲಿಲ್ಲ. ಸೀದಾ ಸ್ಕ್ಯಾನಿನ ಕೋಣೆಗೆ ನುಗ್ಗಿ, ಚಪ್ಪಲಿ ಬಿಟ್ಟು, ಯಂತ್ರದ ಹಾಸಿನ ಮೇಲೆ ಅಂಗಾತ ಮಲಗಿ ಅಂಚುಗಳನ್ನು ಬಿಗಿಯಾಗಿ ಹಿಡಿದೆ. ಹೆಂಡತಿ ಬಾಗಿಲಲ್ಲಿ ಗಲೀಜು ನೀರಿನ ಬಕೆಟ್ಟು ಎತ್ತಿ ಹಿಡಿದು ನಿಂತಳು.

“ಡಾಕ್ಟ್ರು ಬಿಟ್ಟು ಇನ್ಯಾವನೇ ಒಳಗೆ ಕಾಲಿಟ್ರೂ ತಲೆ ಮೇಲೆ ಸುರೀತೀನಿ!”

ಗುಮಾಸ್ತ ತನ್ನ ಇಸ್ತ್ರಿ ಅಂಗಿ ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಡಾಕ್ಟರು ಇನ್ನೂ ಬಂದಿರಲಿಲ್ಲ.