ವಸ್ಮಿಯಾಳ ತಮ್ಮ

"ನಿಮ್ಮಲ್ಲಿ ವಸ್ಮಿಯಾ ಯಾರು?"

ಬಾಗಿಲಲ್ಲಿ ನಿಂತ ಹೆಂಗಸು ಸಲಾಂ ಕೂಡ ಹೇಳದೆ ಹೀಗೆ ಕೇಳಿದಾಗ, ಕಾಫಿ ಕುಡಿಯುತ್ತಿದ್ದವರೆಲ್ಲ ಬಟ್ಟಲು ಕೆಳಗಿಟ್ಟರು. ಖುವೈರಾ ಊರು ಅಮೀರ ಬರ್ಗಶನ ಕೈವಶವಾಗಿ ಹನ್ನೆರಡು ದಿನವಾಗಿತ್ತು. ಕೋಟೆಯ ಹಳೆಯ ಯಜಮಾನನ ಮನೆಯಲ್ಲೇ ಈಗ ಬರ್ಗಶನ ಅಕ್ಕ ವಸ್ಮಿಯಾ ಇಳಿದುಕೊಂಡಿದ್ದಳು.

"ನಾನೇ."

ಬಂದವಳು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಎತ್ತರ ಇರ್ತೀಯಾ ಅಂದ್ಕೊಂಡಿದ್ದೆ."

ಯಾರೋ ಕಿಸಕ್ಕೆಂದರು. ವಸ್ಮಿಯಾ ಕಣ್ಸನ್ನೆಯಲ್ಲೇ ಎಲ್ಲರನ್ನೂ ಹೊರಗೆ ಕಳಿಸಿದಳು.

ಬಂದವಳ ಹೆಸರು ತುರ್ಫಾ. ಕೋಟೆ ಬಾಗಿಲು ಕಾಯುತ್ತಿದ್ದ ಅವಳ ಗಂಡ ದಾಳಿಯ ಬೆಳಿಗ್ಗೆಯೇ ಸತ್ತಿದ್ದ. "ಮಾಳಿಗೆ ಮೇಲಿದ್ದೆ. 'ನಾನು ವಸ್ಮಿಯಾಳ ತಮ್ಮ! ನಾನು ವಸ್ಮಿಯಾಳ ತಮ್ಮ!' ಅಂತ ಕಿರುಚ್ಕೊಂಡೇ ನಿಮ್ಮೋರು ಹೊಡೆದ್ರು. ನಮ್ಮನೆಯವರು ಕೊನೇಗೆ ಕೇಳಿಸ್ಕೊಂಡಿದ್ದು ನಿನ್ನ ಹೆಸರು. ನಂದಲ್ಲ."

ವಸ್ಮಿಯಾ ನೀರಿನ ಬಟ್ಟಲನ್ನು ಅವಳತ್ತ ಸರಿಸಿದಳು.

ಒಂಬತ್ತು ವರ್ಷದ ಹಿಂದೆ ವಸ್ಮಿಯಾಳ ಮನೆತನಕ್ಕೆ ಇದ್ದದ್ದು ಕಡಲತಡಿಯ ಊರಲ್ಲಿ ಎರಡು ಮಣ್ಣಿನ ಕೋಣೆ, ಒಣಮೀನಿನ ವಾಸನೆ, ಕಳೆದುಕೊಂಡ ಊರಿನ ಮಾತು. ತಾಯಿಯಿಲ್ಲದ ಬರ್ಗಶನಿಗೆ ತುತ್ತಿಟ್ಟು ಬೆಳೆಸಿದವಳು ಅಕ್ಕ. ಮೂವತ್ತು ಜನರನ್ನು ಕಟ್ಟಿಕೊಂಡು ಅಜ್ಜನ ಊರನ್ನು ಮರಳಿ ಹಿಡಿಯಲು ಹೋದವನಿಗೆ ಗೋಡೆಯ ಮೇಲೆ ಕಾಲು ನಡುಗಿತಂತೆ. ಧೈರ್ಯಕ್ಕೆಂದು ಬಾಯಿಗೆ ಬಂದದ್ದು ಅಕ್ಕನ ಹೆಸರು. ಅಂದು ಗೆದ್ದ, ಅದೇ ಅವರ ಯುದ್ಧದ ಕೂಗಾಯಿತು. ಆಮೇಲೆ ಒಂದೊಂದೇ ಊರು ಬೀಳುತ್ತ ಹೋದಂತೆ ಮೂವತ್ತು ಬಾಯಿ ಮುನ್ನೂರಾಯಿತು, ಮೂರು ಸಾವಿರವಾಯಿತು. ಅವಳ ಮುಖವನ್ನೇ ಕಾಣದವರೆಲ್ಲ ಅವಳ ತಮ್ಮಂದಿರಾದರು. ಅವಳನ್ನು ಮದುವೆಗೆ ಕೇಳಿಕೊಂಡು ಬಂದ ಇಬ್ಬರನ್ನು ಬರ್ಗಶ ಹಿಂದಕ್ಕೆ ಕಳಿಸಿದ. "ನಮ್ಮ ಕೂಗನ್ನ ಇನ್ನೊಬ್ಬರ ಡೇರೆಗೆ ಕೊಡೋಕಾಗತ್ತಾ ಅಕ್ಕಾ?" ಆ ಇಬ್ಬರಲ್ಲಿ ಮಿಜ್ಬಿಲ್ ಎಂಬವನು ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಬಾಗಿಲ ಸಂದಿಯಿಂದ ಅದನ್ನು ನೋಡಿದ್ದೆನೆಂದು ಅವಳು ಯಾರಿಗೂ ಹೇಳಿರಲಿಲ್ಲ.

ತುರ್ಫಾ ಮುಸುಕು ಸರಿಸಿದಳು. ಎದೆಗೆ ಒತ್ತಿಕೊಂಡು ಕೂಸೊಂದು ಮಲಗಿತ್ತು.

"ಐದು ದಿನದ್ದು, ಹೆಣ್ಣು. ನಾಳೆ ನಮ್ಮಪ್ಪನ ಪಾಳ್ಯಕ್ಕೆ ಹೊರಡ್ತೀನಿ. ದಾರಿ ಉದ್ದಕ್ಕೂ ನಿಮ್ಮೋರೇ. ನಿನ್ನ ಹೆಸರಿಟ್ರೆ ಇದನ್ನ ಯಾರೂ ಮುಟ್ಟಲ್ಲ. ಇಡ್ಲಾ?"

ವಸ್ಮಿಯಾ ಕೈಚಾಚಿ ಮಗುವನ್ನು ಎತ್ತಿಕೊಂಡಳು. ಅದು ಬೆಚ್ಚಗಿತ್ತು, ಹಗುರವಾಗಿತ್ತು. ಅದರ ಮುಖ ನೋಡಿ, "ಬೇಡ," ಎಂದಳು.

"ಯಾಕೆ, ಶತ್ರುವಿನ ಮಗಳು ಅಂತಾನಾ?"

"ಅಲ್ಲ ಕಣೇ. ಈ ಮನೇಲಿ ನನ್ನನ್ನ ಹೆಸರು ಹಿಡಿದು ಯಾರು ಕರೀತಾರೆ ಅಂದ್ಕೊಂಡೆ? ಎಲ್ಲರಿಗೂ ಅಮೀರರ ಅಕ್ಕ. ಅಂಗಳದಲ್ಲಿ ಗಂಡಸರು ಆ ಕೂಗು ಹಾಕಿದಾಗ ಮೊದಮೊದಲು 'ಓ' ಅಂತಿದ್ದೆ, ನಗಬೇಡ. ಈಗ ತಿರುಗೂ ನೋಡಲ್ಲ. ನೀನು ಇವಳನ್ನ ಊಟಕ್ಕೆ ಬಾರೇ ಅಂತ ಕರೀಬೇಕಲ್ಲ, ಆಗ ನಿನ್ನ ಕಿವೀಲಿ ಏನು ಕೇಳಿಸತ್ತೆ?"

ತುರ್ಫಾ ಅಷ್ಟು ದಿನ ತಡೆದಿದ್ದ ಅಳು ಆಗ ಒಡೆಯಿತು. ಅವಳು ಸಮಾಧಾನವಾಗುವ ತನಕ ಮಗು ವಸ್ಮಿಯಾಳ ತೋಳಲ್ಲೇ ಇತ್ತು.

ಸಂಜೆ ವಸ್ಮಿಯಾ ತಮ್ಮನ ಬಳಿ ಹೋದಳು. "ಆ ಬಾಣಂತಿ ಜೊತೆ ಇಬ್ಬರು ಸವಾರರನ್ನ ಕಳಿಸು. ಇನ್ನೊಂದು, ಆ ಕೂಗು ಬಿಟ್ಬಿಡು."

ಬರ್ಗಶ ನಕ್ಕ. ಅಕ್ಕನ ಮುಖ ನೋಡಿ ನಗು ನಿಲ್ಲಿಸಿದ. "ಇಬ್ಬರಲ್ಲ, ನಾಲ್ವರು ಹೋಗಲಿ. ಕೂಗು ಈಗ ನನ್ನ ಕೈಲಿಲ್ಲ ಅಕ್ಕಾ."

ಬೆಳಿಗ್ಗೆ ವಸ್ಮಿಯಾ ಮಾಳಿಗೆಯ ಗೋಡೆಗೆ ಒರಗಿ ನಿಂತಿದ್ದಳು. ಖರ್ಜೂರದ ತೋಟ ದಾಟಿ ನಾಲ್ವರು ಸವಾರರು, ಅವರ ನಡುವೆ ಒಂದು ಒಂಟೆ. ಒಂಟೆಯ ಮೇಲೆ ತುರ್ಫಾ ಬಗ್ಗಿ, ಮಡಿಲಲ್ಲಿದ್ದ ಮಗುವನ್ನು ಏನೋ ಹೆಸರು ಹಿಡಿದು ಕರೆದಂತಿತ್ತು. ಗಾಳಿ ಆಚೆಗೆ ಬೀಸುತ್ತಿತ್ತು, ಆ ಹೆಸರು ಇತ್ತ ತಲುಪಲಿಲ್ಲ. ವಸ್ಮಿಯಾ ಮುಸುಕನ್ನು ಕಿವಿಯಿಂದ ಸರಿಸಿ ನಿಂತಳು.