ಅಮ್ಮಣ್ಣಿಯ ಚಿತೆಗೆ ಮರ

ಮರ ಕಡಿಯಲು ಬಂದ ಅಕ್ಷಿತ್ ಗರಗಸದ ಮೆಷಿನ್ನಿನ ಹಗ್ಗ ಎಳೆದದ್ದೇ ತಡ, ಪೂಜಾಶ್ರೀ ಓಡಿಬಂದು ಮಾವಿನಮರಕ್ಕೆ ಬೆನ್ನು ಕೊಟ್ಟು ನಿಂತಳು.

“ಬಂದ್ ಮಾಡು ಅದನ್ನು! ಮೇಲೆ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಉಂಟು, ಮರಿ ಉಂಟು.”

“ಅಂಗಳದಲ್ಲಿ ನಿನ್ನ ಅಮ್ಮನ ಹೆಣ ಉಂಟು ಮಾರಾಯ್ತಿ!” ಸೋದರಮಾವ ಲೋಕನಾಥ ರೇಗಿದ. “ಚಿತೆಗೆ ಮಾವಿನಮರ ಕಡಿಯುವುದು ನಮ್ಮ ಕ್ರಮ. ಬೆಳಗ್ಗಿನಿಂದ ಫೋನ್ ಮಾಡಿ ಮಾಡಿ ಸಾಕಾಯ್ತು. ಯಾರಲ್ಲಿಯೂ ಒಂದು ಮಾವಿನಮರ ಇಲ್ಲವಂತೆ!”

“ಹೇಗೆ ಇರ್ತದೆ ಮಾವ? ಗುಡ್ಡ ಬೋಳಿಸಿ ರಬ್ಬರ್ ಹಾಕಿದ್ದು ಯಾರು?”

ಲೋಕನಾಥ ಬೇಲಿಯಾಚೆಯ ತನ್ನ ತೋಟದತ್ತ ನೋಡಿದ. ಮೊದಲು ಹಾಕಿದ್ದು ಅವನೇ. ಅವನನ್ನು ನೋಡಿ ಬೆಳ್ಳೂರಿನ ಈ ಬದಿಯವರೆಲ್ಲ ಹಾಕಿದ್ದರು. ಸಾಲು ಸಾಲು ರಬ್ಬರಿನ ನಡುವೆ ಅಕ್ಕ ಅಮ್ಮಣ್ಣಿಯ ಪಾಲಿನ ತುಂಡು ಕಾಡೊಂದೇ ಉಳಿದಿತ್ತು. ಹಕ್ಕಿ ಗೂಡು ಮಾಡುವಷ್ಟು ದೊಡ್ಡ ಪೊಟರೆ ಇದ್ದದ್ದು ಈ ಮರದಲ್ಲಿ ಮಾತ್ರ.

*

ಆಸ್ತಿ ಪಾಲಾದ ವರ್ಷ ಲೋಕನಾಥ ರಬ್ಬರ್ ಗಿಡ ಹೊರಿಸಿಕೊಂಡು ಬಂದಿದ್ದ.

“ರಬ್ಬರನ್ನು ಉಪ್ಪಿನಕಾಯಿ ಹಾಕ್ಲಿಕ್ಕೆ ಆಗ್ತದಾ?” ಎಂದು ಅಮ್ಮಣ್ಣಿ ಅವನನ್ನು ಬಂದ ದಾರಿಯಲ್ಲೇ ಕಳಿಸಿದ್ದಳು.

ಹಾಗಂತ ಅವಳು ಹಕ್ಕಿಗಳನ್ನು ಮುದ್ದು ಮಾಡುವವಳೂ ಅಲ್ಲ. ಸಣ್ಣ ಸೀಳು ಬಿಟ್ಟು ಪೊಟರೆಯ ಬಾಯಿ ಮೆತ್ತಿಕೊಂಡು ಒಳಗೆ ಕೂತ ಹೆಣ್ಣು ಮಂಗಟ್ಟೆಗೆ ಗಂಡು ದಿನವಿಡೀ ಹಣ್ಣು ತಂದು ಉಣಿಸುತ್ತಿತ್ತು. ಬುಡದಲ್ಲಿ ಬೀಜ, ಹಿಕ್ಕೆಗಳ ರಾಶಿ. ಅದನ್ನು ಗುಡಿಸುತ್ತ ಅಮ್ಮಣ್ಣಿ ಹಿಡಿಸೂಡಿ ಎತ್ತಿ ಬೈಯುತ್ತಿದ್ದಳು.

“ನಿಮಗೆ ಬೇರೆ ಜಾಗ ಸಿಗ್ಲಿಲ್ವಾ ದರಿದ್ರಗಳೇ? ಎಲ್ಲಿ ಸಿಗ್ತದೆ, ನನ್ನ ತಮ್ಮ ಬಿಟ್ಟರಲ್ವಾ!”

*

ಗಂಡು ಮಂಗಟ್ಟೆ ತನ್ನ ದೊಡ್ಡ ಕೊಕ್ಕಿನಲ್ಲಿ ಹಣ್ಣು ಹಿಡಿದು ಬಂತು. ಜನರನ್ನು ಕಂಡು ತಿರುಗಿತು. ರಬ್ಬರಿನ ಮೇಲೆ ಸುತ್ತು ಹಾಕಿ ಮತ್ತೆ ಬಂತು. ಕೂರಲು ಅದಕ್ಕೆ ಧೈರ್ಯ ಸಾಲಲಿಲ್ಲ.

“ಬೇಗ ಹೇಳಿ ಲೋಕಣ್ಣ,” ಅಕ್ಷಿತ್ ಗೊಣಗಿದ. “ಕಡಿಯುವುದಾ, ಬಿಡುವುದಾ?”

“ಸತ್ತ ಮೇಲೂ ಅಕ್ಕನದ್ದೇ ಹಠ!” ಲೋಕನಾಥ ಕಣ್ಣೊರೆಸಿಕೊಂಡ. “ಶಾಸ್ತ್ರಕ್ಕೆ ಒಂದು ಒಣ ಗೆಲ್ಲು ಕತ್ತಿಯಲ್ಲಿ ಕಡಿ, ಸದ್ದು ಮಾಡ್ಬೇಡ. ಉಳಿದದ್ದಕ್ಕೆ ನನ್ನ ರಬ್ಬರ್ ಕಡಿ.”

“ಇನ್ನೂ ಹಾಲು ಬರುವ ಮರ, ನಷ್ಟ ಅಲ್ವಾ?”

“ಕಡಿ ಅಂದೆನಲ್ಲ!”

ಬೇಲಿಯಾಚೆ ಮೊದಲ ರಬ್ಬರ್ ಮರ ಉರುಳಿತು. ಕೊಯ್ದ ಬುಡದಿಂದ ಬಿಳಿ ಹಾಲು ಒಸರಿ ಮಣ್ಣಿಗೆ ಇಳಿಯತೊಡಗಿತು. ಅಕ್ಕನಿಗಾಗಿ ಅಳುತ್ತಿದ್ದ ಲೋಕನಾಥ, ಅಳುತ್ತಲೇ ಬಗ್ಗಿ, ಕೆಳಗೆ ಬಿದ್ದಿದ್ದ, ರಬ್ಬರ್ ಹಾಲು ಹಿಡಿಯುವ ತೆಂಗಿನ ಗೆರಟೆಯೊಂದನ್ನು ಹೆಕ್ಕಿ ಆ ಹಾಲಿನಡಿಗೆ ಹಿಡಿದ.